ನೂರ್ ಮುಹಮ್ಮದನ ಎರಡನೇ ದಫನ

ಹಡಗಿನ ಖಲಾಸಿ ನೂರ್ ಮುಹಮ್ಮದ್ ಗ್ರೀಸ್ ದೇಶದ ಒಂದು ದ್ವೀಪದಲ್ಲಿ ಜ್ವರ ಬಂದು ತೀರಿಕೊಂಡ, ಅಲ್ಲೇ ಮಣ್ಣು ಮಾಡಿದ್ದೇವೆ ಎಂದು ಐವತ್ತೆಂಟರಲ್ಲೇ ತಂತಿ ಬಂದಿತ್ತು. ಹೆಂಡತಿ ಸಫಿಯಾ ಅತ್ತು ಅತ್ತು ಸುಮ್ಮನಾದಳು. ಅತ್ತೆ ಬೀಫಾತಿಮ್ಮ ಮಾತ್ರ ಸುಮ್ಮನಾಗಲಿಲ್ಲ. ಕಣ್ಣಿಗೆ ಪೊರೆ ಬಂದು ಲೋಕವೇ ಕಾಣದಾದರೂ ಆಕೆಗೆ ಒಂದೇ ಹಟ, ಮಗನನ್ನು ಬಂದರಿನ ಮಸೀದಿಯ ಮಣ್ಣಿಗೇ ಸೇರಿಸಬೇಕು. ಆಗುವ ಮಾತೇ ಅದು?

ಅರವತ್ತನಾಲ್ಕರಲ್ಲಿ ಅದೇ ಹಡಗಿನ ಅಬ್ದುಲ್ಲ ಊರಿಗೆ ಬಂದವನು ನೇರ ಈ ಮನೆಗೆ ಬಂದ. ಅವನ ಮಾತನ್ನು ಸಫಿಯಾ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಳು.

"ಅವನನ್ನು ಹೂತದ್ದು ಒಂದು ಮಠದಲ್ಲಿ. ಆರ್ಥೊಡಾಕ್ಸ್ ಅಂತ, ನಮ್ಮೂರಿನ ಕ್ರೈಸ್ತರ ಹಾಗಲ್ಲ, ಅದು ಬೇರೆಯೇ. ಏಳುನೂರು ವರ್ಷದ ಮಠ. ಕಡಲ್ಗಳ್ಳರು ಎರಡು ಸಲ ಬೆಂಕಿ ಇಟ್ಟಿದ್ದಾರಂತೆ. ಆಗ ಸನ್ಯಾಸಿಗಳು ಬಂಗಾರ ಬಿಟ್ಟು, ಹಿರಿಯರ ಬುರುಡೆ ಹೊತ್ತುಕೊಂಡು ಗುಡ್ಡೆ ಹತ್ತಿದ್ದಂತೆ."

"ಬುರುಡೆಯಾ?" ಬೀಫಾತಿಮ್ಮ ಬೆಚ್ಚಿದರು.

"ಹೌದು. ಅಲ್ಲಿ ಬರೀ ಬಂಡೆ, ಮಣ್ಣು ಸ್ವಲ್ಪವೇ ಉಂಟು. ಮೂರು ವರ್ಷ ಆದ ಮೇಲೆ ಗೋರಿ ಅಗೆದು, ಎಲುಬು ತೆಗೆದು ವೈನ್‌ನಲ್ಲಿ ತೊಳೆದು ಸಾಲಾಗಿ ಇಡ್ತಾರೆ. ಅವರಿಗೆ ಅದು ದೊಡ್ಡ ಮರ್ಯಾದೆ. ಇವನಿಗೂ..."

"ಯಾ ಅಲ್ಲಾಹ್! ನನ್ನ ಮಗನನ್ನು ಅಗೆದ್ರಾ? ಶರಾಬಿನಲ್ಲಿ ತೊಳೆದ್ರಾ?"

ಗೋರಿಯ ಮೇಲಿನ ಹುಲ್ಲು ಕೀಳುವುದಕ್ಕೂ ಹೆದರುವ ಜನ ತಾವು. ಮರ್ಯಾದೆಯಂತೆ! ಅಂಥ ಮರ್ಯಾದೆಗೆ ಬೆಂಕಿ ಬೀಳಲಿ ಎನಿಸಿತು ಸಫಿಯಾಳಿಗೆ.

"ಬೈಬೇಡಿ ಉಮ್ಮ," ಅಬ್ದುಲ್ಲ ತಲೆ ತಗ್ಗಿಸಿದ. "ನಾನು ಕಾಲು ಹಿಡಿದು ಕೇಳಿದೆ, ಕೊಟ್ರು. ತಂದಿದ್ದೇನೆ."

ಜಗಲಿಯ ಮೇಲೆ ಒಂದು ಮರದ ಪೆಟ್ಟಿಗೆ ಇತ್ತು. ಇಷ್ಟು ಹೊತ್ತು ಬಿಸ್ಕತ್ತಿನ ಪೆಟ್ಟಿಗೆಯೆಂದೇ ಸಫಿಯಾ ತಿಳಿದಿದ್ದಳು.

ಮಸೀದಿಯ ಖತೀಬರು ಬಂದು, ದಫನ ಮಾಡುವ ಎಂದರು. ಮಣ್ಣು ಮಾಡುವ ಮೊದಲು ಗಂಡನನ್ನು ಮೀಯಿಸುವ ಹಕ್ಕು ಹೆಂಡತಿಗೆ ಉಂಟು, ನಾನೇ ಮೀಯಿಸ್ತೇನೆ ಎಂದಳು ಸಫಿಯಾ. ಗಂಡಸರು ಅಂಗಳದಲ್ಲಿ ನಿಂತರು. ಒಳಗೆ ಅತ್ತೆ ಸೊಸೆ ಇಬ್ಬರೇ.

ಪೆಟ್ಟಿಗೆಯೊಳಗಿನ ಬಟ್ಟೆ ಬಿಚ್ಚಿ ಬುರುಡೆಯನ್ನು ಎತ್ತಿದ ಸಫಿಯಾ ಅದನ್ನು ಬೆಳಕಿಗೆ ತಿರುಗಿಸಿದಳು. ಮೇಲಿನ ಹಲ್ಲು ಒಂದೂ ಬಿಡದೆ ಸಾಲಾಗಿ ಇದ್ದವು. ನೂರ್ ಮುಹಮ್ಮದನ ಮೇಲಿನ ಮುಂದಿನ ಎರಡು ಹಲ್ಲುಗಳನ್ನು ಮದುವೆಗೆ ಮೊದಲೇ ಧಕ್ಕೆಯಲ್ಲಿ ಹಡಗು ಕಟ್ಟುವ ಹಗ್ಗ ಬಡಿದು ಉದುರಿಸಿತ್ತು. ಆ ಬೋಳು ನಗು ಕಂಡೇ ಅವಳು ಅವನನ್ನು ಮೆಚ್ಚಿದ್ದು. ಇದು ಅವನಲ್ಲ. ಆ ಮಠದ ಯಾವನೋ ಸನ್ಯಾಸಿ. ಅವಳ ಗಂಡ ಇನ್ನೂ ಅಲ್ಲೇ ಸಾಲಿನಲ್ಲಿದ್ದಾನೆ, ಇನ್ನು ಯಾರೂ ಅವನನ್ನು ತರುವುದಿಲ್ಲ.

ಹೇಳುವುದೋ ಬಿಡುವುದೋ? ಹೇಳಿದರೆ ಮುದುಕಿ ಬದುಕುವುದಿಲ್ಲ. ಸಫಿಯಾ ತುಟಿ ಕಚ್ಚಿಕೊಂಡು, "ಅವರೇ ಉಮ್ಮ" ಎಂದಳು.

ಬೀಫಾತಿಮ್ಮ ಕೈ ಚಾಚಿದರು. ಸಫಿಯಾ ಬಟ್ಟೆ ಮುಚ್ಚುವುದರೊಳಗೆ ಮುದುಕಿಯ ಬೆರಳು ಹಣೆ ಸವರಿ, ಕೆಳಗಿಳಿದು, ಹಲ್ಲಿನ ಸಾಲಿನಲ್ಲಿ ಹರಿದು, ನಡುವಿನಲ್ಲಿ ನಿಂತುಬಿಟ್ಟಿತು.

"ಆ ಮಠಕ್ಕೆ ಹೆಂಗಸರು ಹೋಗಬಹುದಾ ಅಬ್ದುಲ್ಲ?" ಮುದುಕಿ ಗಟ್ಟಿಯಾಗಿ ಕೇಳಿದರು.

"ಇಲ್ಲ ಉಮ್ಮ," ಅಂಗಳದಿಂದ ಉತ್ತರ ಬಂತು. "ಏಳುನೂರು ವರ್ಷದಿಂದ ಒಬ್ಬಳೂ ಮೆಟ್ಟಿಲು ಹತ್ತಿಲ್ಲ. ಹೆತ್ತ ತಾಯಿಯನ್ನೂ ಬಿಡುವುದಿಲ್ಲ."

ಬೀಫಾತಿಮ್ಮ ಬುರುಡೆಯನ್ನು ಮಡಿಲಿಗೆ ಎಳೆದುಕೊಂಡರು. ಅವರ ದನಿ ಈಗ ಸೊಸೆಗೆ ಮಾತ್ರ ಕೇಳುವಷ್ಟಿತ್ತು.

"ಪಾಪ, ಇವನನ್ನು ಹೆತ್ತ ಉಮ್ಮ ಇವನನ್ನು ಕಡೆಗೊಮ್ಮೆ ಮುಟ್ಟಲೇ ಇಲ್ಲ. ನೀರು ಹೊಯ್ಯಿ ಸಫಿಯಾ."