ಲಿಫ್ಟಿನ ಬಾಗಿಲಿಗೆ ಎಂಟು ಪ್ರಶ್ನೆ

ಕರೆಂಟ್ ಹೋಗಿ ಹೋಟೆಲಿನ ಲಿಫ್ಟ್ ಮೂರನೇ ಮಹಡಿಗೆ ಒಂದು ಮೊಳ ಕೆಳಗೆ ನಿಂತಾಗ ಒಳಗಿದ್ದದ್ದು ಹಿಂದಿನ ದಿನ ಬಂದಿಳಿದ ವಿದೇಶಿ ಅಜ್ಜಿ ಒಬ್ಬರೇ. ಹೊರಗೆ ಇಸ್ತ್ರಿ ಕೆಲಸದವಳು ಮಡಿಸಿದ ಬೆಡ್‌ಶೀಟುಗಳನ್ನು ಎದೆಗವಚಿಕೊಂಡು ನಿಂತಿದ್ದಳು.

ಮ್ಯಾನೇಜರ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. "ಮೆಕ್ಯಾನಿಕ್ ಬರೋಕೆ ಅರ್ಧ ಗಂಟೆ ಆಗುತ್ತಂತೆ. ನಾನು ಮೇಲೆ ಹೋಗಿ ಮೋಟರ್ ರೂಮಿನ ಬೀಗ ತೆಗೀಬೇಕು. ಅಜ್ಜಿಗೆ ಹಾರ್ಟ್ ತೊಂದ್ರೆ ಇದೆ. ನೀನು ಮಾತಾಡಿಸ್ತಾ ಇರು."

"ನನಗೆ ಇಂಗ್ಲಿಷ್ ಬರಲ್ಲ ಸಾರ್."

"ಏನಾದ್ರೂ ಮಾತಾಡಮ್ಮ," ಎಂದು ಅವರು ಹೊರಟೇಬಿಟ್ಟರು.

ಅಷ್ಟರಲ್ಲಿ ಲಿಫ್ಟ್ ಕಟಕ್ ಎಂದು ಗೇಣುದ್ದ ಜಾರಿತು. ಒಳಗಿಂದ ಚೀರಾಟ, ಬಾಗಿಲು ಬಡಿಯುವ ಸದ್ದು ಕೇಳಿಸಿತು. ಇವಳು ಶೀಟುಗಳನ್ನು ನೆಲಕ್ಕೆ ಹಾಕಿ ಕುಕ್ಕರಗಾಲಲ್ಲಿ ಕೂತು ಬಾಗಿಲ ಸಂದಿಗೆ ಬಾಯಿಟ್ಟಳು.

ಅವಳಿಗೆ ಬರುತ್ತಿದ್ದ ಇಂಗ್ಲಿಷೆಂದರೆ ಎಂಟು ಪ್ರಶ್ನೆ ಮಾತ್ರ. ಮಗಳಿಗೆ ಶಾಲೆಯಲ್ಲಿ 'ರಜೆ ಮತ್ತು ಪ್ರವಾಸ' ಪಾಠದ ಮಾತಿನ ಪರೀಕ್ಷೆಯಿತ್ತು. ವಾರದಿಂದ ದಿನಾ ಸಂಜೆ ಇವಳು ಆ ಎಂಟು ಪ್ರಶ್ನೆ ಕೇಳುವವಳು, ಮಗಳು ಉತ್ತರ ಹೇಳುವವಳು.

"ಡು ಯೂ ಲೈಕ್ ದಿ ಸೀ ಆರ್ ದಿ ಮೌಂಟನ್ಸ್?"

ಒಳಗೆ ಬಡಿತ ನಿಂತಿತು. "ವಾಟ್?"

ಇನ್ನೊಮ್ಮೆ ಕೇಳಿದಳು. ಉದ್ದನೆಯ ಉತ್ತರ ಬಂತು. ಅದರಲ್ಲಿ 'ಸೀ' ಎಂಬುದೊಂದು ತಿಳಿಯಿತು. ಬಸ್ಸೋ ರೈಲೋ ಎಂದು ಕೇಳಿದಳು. ಯಾರ ಜೊತೆ ಹೋಗ್ತೀರಿ ಎಂದು ಕೇಳಿದಳು. "ಮೈ ಹಸ್ಬೆಂಡ್," ಎಂದ ಅಜ್ಜಿಯ ದನಿ ಒಡೆದು ಅಳುವಾಯಿತು. ಕೇಳಬಾರದ್ದು ಕೇಳಿ ಆ ಜೀವಕ್ಕೆ ನಾನೇ ಕುತ್ತು ತಂದೆನೇ ಎಂದುಕೊಂಡಳು. ಗಡಬಡಿಸಿ ಮುಂದಿನದಕ್ಕೆ ಹಾರಿದಳು: "ವಾಟ್ ಡು ಯೂ ಟೇಕ್ ಇನ್ ಯುವರ್ ಬ್ಯಾಗ್?"

"ಡ್ರೆಸ್... ಶೂಸ್... ಟ್ಯಾಬ್ಲೆಟ್ಸ್." ಕತ್ತಲಲ್ಲಿ ಚೀಲ ತಡಕಾಡುವ ಸದ್ದು, ಮಾತ್ರೆಯ ಹಾಳೆ ಚಿಟಕ್ಕೆಂದ ಸದ್ದು ಕೇಳಿಸಿತು.

ಉಳಿದವನ್ನೂ ಕೇಳಿದಳು; ಎಂಟೂ ಮುಗಿದವು. ಲಿಫ್ಟ್ ಮತ್ತೆ ಅಲುಗಿತು. ಬೇರೆ ದಾರಿ ಕಾಣದೆ ಇವಳು ಸಮುದ್ರವೋ ಬೆಟ್ಟವೋ ಎಂದು ಮೊದಲಿನಿಂದ ಶುರುಮಾಡಿದಳು.

"ಆಂಡ್ ಯೂ?" ಎಂದರು ಅಜ್ಜಿ.

ಸಮುದ್ರವನ್ನು ಇವಳು ಕಂಡವಳೇ ಅಲ್ಲ. ಮಗಳ ಉತ್ತರವನ್ನೇ ಒಪ್ಪಿಸಿದಳು: "ಐ ಲೈಕ್ ದಿ ಸೀ. ಐ ಗೋ ವಿತ್ ಮೈ ಅಂಕಲ್. ಅಂಕಲ್ ಹ್ಯಾಸ್ ಎ ಬಿಗ್ ಕಾರ್."

ಒಳಗೆ ಸಣ್ಣ ನಗು ಕೇಳಿಸಿತು. ಆಮೇಲೆ ಮೇಲಿನಿಂದ ಮೆಕ್ಯಾನಿಕ್ಕನ ಕೂಗು ಬಂತು. ಅವನು ಮೋಟರಿನ ಚಕ್ರವನ್ನು ಕೈಯಿಂದಲೇ ತಿರುಗಿಸುತ್ತಿದ್ದ. ಲಿಫ್ಟ್ ಇಂಚಿಂಚೇ ಏರಿತು.

ಬಾಗಿಲು ತೆಗೆದಾಗ ಅಜ್ಜಿಯ ಮುಖ ಸುಣ್ಣವಾಗಿತ್ತು. ಇವಳ ಎರಡೂ ಕೈ ಹಿಡಿದು ಏನೇನೋ ಹೇಳಿದರು. ಒಂದಕ್ಷರ ತಿಳಿಯದಿದ್ದರೂ ಇವಳು ತಲೆಯಾಡಿಸಿದಳು.

"ಇಷ್ಟು ಇಂಗ್ಲಿಷ್ ಬರುತ್ತೆ ಅಂತ ಹೇಳಲೇ ಇಲ್ವಲ್ಲಮ್ಮ. ಕೌಂಟರಿನಲ್ಲಿ ಕೂರ್ತೀಯಾ?" ಎಂದರು ಮ್ಯಾನೇಜರ್.

"ಬೇಡ ಸಾರ್," ಎಂದಳು. ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಜ್ಜಿಯೂ ಪಕ್ಕದಲ್ಲಿ ಕೂತರು. ಎಷ್ಟೋ ಹೊತ್ತಿನ ಮೇಲೆ ಇಬ್ಬರೂ ಲಿಫ್ಟಿನ ಗೊಡವೆಗೆ ಹೋಗದೆ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲಿಳಿದರು.