ಎಡಗಾಲಿನ ಹೆಬ್ಬೆರಳು

ಹಾಲು ಉಕ್ಕಿತೇನೋ, ಸೀದ ವಾಸನೆ, ಯಾರಾದರೂ ಒಲೆ ಆರಿಸಬಾರದೇ ಎಂದುಕೊಳ್ಳುತ್ತ ಪ್ರಾರ್ಥನೆಯಿಂದ ಎದ್ದು ನಡುಮನೆಗೆ ಬಂದರೆ ಟಿವಿಯಲ್ಲಿ ತಮ್ಮ ನಗುತ್ತಿದ್ದ, ಬೆಳಗಿನ ಕಾರ್ಯಕ್ರಮವಿರಬೇಕು, ಇವತ್ತು ಯಾವ ವಾರ — ನಗುವಿನ ಕೆಳಗೆ ಅಕ್ಷರಗಳು ಓಡುತ್ತಿದ್ದವು, ನಟ, ಲೇಖಕ, ನಿರೂಪಕ ಇನ್ನಿಲ್ಲ, ಅಷ್ಟು ದೊಡ್ಡ ಬಾಳನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರಲ್ಲ, ಸೊಸೆ ಓಡಿ ಬಂದಳು, ಅತ್ತೆ, ನೋಡ್ಬೇಡಿ, ಆಫ್ ಮಾಡ್ತೀನಿ, ಇರಲಿ ಬಿಡಮ್ಮ, ಅವನು ಸಾಯೋದನ್ನ ನಾನೇನು ಇವತ್ತು ಹೊಸದಾಗಿ ನೋಡ್ತಿದ್ದೀನಾ — ಕತ್ತಿಯೇಟಿಗೆ ಸತ್ತ, ವಿಷ ಕುಡಿದು ಸತ್ತ, ಮೊದಲ ಸಲ ಶಾಲೆಯ ನಾಟಕದಲ್ಲಿ ಸತ್ತು ಬಿದ್ದಾಗ ಆಕೆ ಮುಂದಿನ ಸಾಲಿನಿಂದೆದ್ದು ಅಯ್ಯೋ ನನ್ನ ತಮ್ಮಾ ಎಂದು ಕಿರುಚಿದ್ದಳು, ಜನ ಬಿದ್ದು ಬಿದ್ದು ನಕ್ಕರು, ಮಾನ ಕಳೆದೆಯಲ್ಲೇ ಅಕ್ಕ, ಇನ್ಮೇಲೆ ನಾನು ಸತ್ತಾಗ ಎಡಗಾಲಿನ ಹೆಬ್ಬೆರಳು ನೋಡು, ಆಡಿಸ್ತೀನಿ, ಬದುಕಿದ್ದೀನಿ ಅಂತ ತಿಳ್ಕೊಂಡು ಬಾಯಿ ಮುಚ್ಚಿ ಕೂತ್ಕೋ. ಆಡಿಸಿದ, ಸಿನಿಮಾ ಸೇರಿದ ಮೇಲೂ ಆಡಿಸಿದ, ನಿರ್ದೇಶಕ ಕೆಂಡವಾದನಂತೆ, ಹೆಣ ಯಾಕಯ್ಯಾ ಕಾಲಾಡಿಸುತ್ತೆ, ಇವನೋ ಕಣ್ಣೂ ತೆರೆಯದೆ, ಹೆಣಕ್ಕೂ ಒಬ್ಬ ಅಕ್ಕ ಇದ್ದಾಳೆ ಸಾರ್ — ಸಿನಿಮಾ ಕೈಕೊಟ್ಟಾಗ ಕಾದಂಬರಿ ಬರೆದ, ಕೊನೆಯಲ್ಲಿ ನಾಯಕನನ್ನು ಕೊಂದ, ಆಕೆ ಜಗಳಕ್ಕೇ ನಿಂತಳು, ಇವನ ಬೆರಳೆಲ್ಲೋ, ಎರಡನೆಯ ಮುದ್ರಣದಲ್ಲಿ ಒಂದು ಸಾಲು ಸೇರಿಸಿದ, ಬೆರಳು ಅಲುಗಿತು ಎಂದು, ವಿಮರ್ಶಕರು ಅದರ ಅರ್ಥ ಹುಡುಕಿ ತಲೆ ಕೆಡಿಸಿಕೊಂಡರು, ಅಕ್ಕ ತಮ್ಮ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಟಿವಿ, ಕೋಟು ಹಾಕಿ ಮೇಜಿನ ಹಿಂದೆ ಕೂತ, ಮನೆಮನೆಗೂ ಬೇಕಾದವನಾದ, ಆಕೆಗೆ ಮಾತ್ರ ಕಸಿವಿಸಿ, ಕಾಲೇ ಕಾಣಲ್ವಲ್ಲೋ, ಕೆಳಗೆ ಹವಾಯಿ ಚಪ್ಪಲಿ ಅಕ್ಕ, ಯಾರಿಗೂ ಹೇಳ್ಬೇಡ, ಬೆರಳು ಆಡಿಸ್ತಾನೇ ಇರ್ತೀನಿ, ನಂಬು. ನಂಬಿದಳು, ಮೊನ್ನೆ ಆಸ್ಪತ್ರೆಯಿಂದ ಫೋನು ಮಾಡಿ ಬರೀ ಕೆಮ್ಮು ಅಕ್ಕ ಅಂದಾಗಲೂ ನಂಬಿದಳು, ಫೋನಿನಲ್ಲೂ ಕಾಲು ಕಾಣುವುದಿಲ್ಲ — ಈಗ ಕಾರು, ಈಗ ರಂಗಮಂದಿರದ ಮೆಟ್ಟಿಲು, ಸೊಸೆಯ ಕೈ, ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿದ್ದಾರೆ, ವೇದಿಕೆಯ ಮೇಲೆ ಅವನು, ಇಷ್ಟು ಹೂವು, ಇಷ್ಟು ದೀಪ, ಯಾರೋ ತೋಳು ಹಿಡಿದು ಹತ್ತಿಸಿದರು, ಬನ್ನಿ ಅಮ್ಮಾ, ಮುಖ ನೋಡಿ, ಮುಖ ಬೇಡಪ್ಪ, ಮುಖ ನಟಿಸುತ್ತೆ, ಕಾಲಿನ ಕಡೆ ಬಿಡು — ಬಿಳಿ ಬಟ್ಟೆಯ ಅಂಚನ್ನು ತಾನೇ ಸರಿಸಿದಳು, ಅದೇ ಅಗಲದ ಉಗುರು, ಕಾದಳು, ಹಿಂದೆ ಜನ ತಳ್ಳುತ್ತಿದ್ದಾರೆ, ಅತ್ತೆ ಬನ್ನಿ, ಒಂದು ನಿಮಿಷ ಇರಮ್ಮ, ಅವನು ಯಾವಾಗಲೂ ಸ್ವಲ್ಪ ತಡ, ಕಾದಳು — ದೇವರೇ, ನನ್ನ ಭಯಕ್ಕಾಗಿ ಇವನು ಸತ್ತಾಗಲೂ ಒಂದು ದಿನ ಸುಮ್ಮನೆ ಮಲಗಲಿಲ್ಲ, ಇವತ್ತು ನಾನು ಕಿರುಚುವುದಿಲ್ಲ, ಬಾಯಿ ಮುಚ್ಚಿಕೊಂಡಿದ್ದೇನೆ, ಇವನಿಗೆ ಇನ್ನು ಆ ಕೆಲಸ ಬೇಡ, ಶಾಂತಿ ಕೊಡು ತಂದೆ, ಇವನಿಗೂ, ಈ ಬೆರಳಿಗೂ, ಈ ಬೆರಳು, ಎಡಗಾಲಿನ ಹೆಬ್ಬೆರಳು —