ಅಕ್ಕ ಬರೆದ ಅಳತೆ

ಒಂಬತ್ತನೇ ದಿನವೂ ತಮ್ಮನ ಭೇದಿ ನಿಲ್ಲಲಿಲ್ಲ. ಪ್ರತಿ ಸಲ ಅಕ್ಕ ಕೈಗವಸು ಹಾಕಿಕೊಂಡು, ಬೆಡ್‌ಪ್ಯಾನಿನಲ್ಲಿದ್ದುದನ್ನು ಗೆರೆಗಳಿದ್ದ ಪ್ಲಾಸ್ಟಿಕ್ ಜಗ್ಗಿಗೆ ಸುರಿದು, ಎಷ್ಟೆಂದು ನೋಡಿ ಆಸ್ಪತ್ರೆ ಕೋಣೆಯ ಬಾಗಿಲ ಬಳಿಯ ಹಾಳೆಯಲ್ಲಿ ಬರೆಯಬೇಕು. ಅವಳು ಹೊಲಿಗೆಯವಳು. ಹದಿನೆಂಟು ವರ್ಷ ಟೇಪು ಹಿಡಿದವಳು ಅಳತೆ ತಪ್ಪುವುದಿಲ್ಲ. ಆದರೂ ಮೂರು ದಿನದಿಂದ ಮುನ್ನೂರು ಮಿಲಿ ಇದ್ದಲ್ಲಿ ನೂರೈವತ್ತು ಬರೆಯುತ್ತಿದ್ದಳು.

ರಕ್ತದ ಕ್ಯಾನ್ಸರ್ ಬಂದ ತಮ್ಮನಿಗೆ ಹೊಸ ರಕ್ತ ಹುಟ್ಟಿಸುವ ಕಾಂಡಕೋಶ ಕೊಟ್ಟವಳು ಅವಳೇ. ಕೊಟ್ಟವರ ಕೋಶ ಕೆಲವೊಮ್ಮೆ ಪಡೆದವರ ಕರುಳಿನ ಮೇಲೇ ತಿರುಗಿಬೀಳುತ್ತದೆ, ಅದರ ಜೋರು ಭೇದಿಯ ಪ್ರಮಾಣದಲ್ಲಿ ಗೊತ್ತಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಅಂದಿನಿಂದ ಜಗ್ಗು ತುಂಬಿದಷ್ಟೂ ಅವಳಿಗೆ ತನ್ನ ಮೇಲಿನ ದೂರು ಬೆಳೆದಂತೆ ಕಾಣುತ್ತಿತ್ತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ತಮ್ಮ, ಈಗ ಎಲುಬಿನ ಗೂಡು, ಅದಕ್ಕೂ ಕೀಟಲೆ ಮಾಡಿದ್ದ: "ನಾನು ಚಿಕ್ಕವನಿದ್ದಾಗ ನೀನು ಹೊರಗಿಂದ ಗುದ್ದುತಿದ್ದೆ. ಈಗ ಒಳಗೇ ಹೋಗಿ ಗುದ್ದುತಿದೀಯಲ್ಲೇ ಅಕ್ಕ."

ಮಧ್ಯಾಹ್ನ ಡಾಕ್ಟರಮ್ಮ, ಪರೀಕ್ಷೆಗೆಂದು ತೆಗೆದಿದ್ದ ಕರುಳಿನ ಚೂರಿನ ವರದಿ ತಂದರು. ಕೋಶಗಳನ್ನು ಹದ್ದುಬಸ್ತಿನಲ್ಲಿಡಲು ಕೊಡುತ್ತಿದ್ದ ಮಾತ್ರೆಯೇ ಕರುಳಿಗೆ ಉರಿ ತಂದಿರುವಂತಿದೆ, ಅಕ್ಕನ ಕೋಶಗಳಲ್ಲ ಎಂದರು. ಅವಳು ಗೋಡೆಗೆ ಒರಗಿದಳು. ಆದರೆ ಹಾಳೆಯ ಪ್ರಕಾರ ಭೇದಿ ಅರ್ಧಕ್ಕೆ ಇಳಿದಿದೆ, ಆ ಮಾತ್ರೆ ಬಿಡಿಸಿದರೆ ಕೋಶಗಳು ನಿಜಕ್ಕೂ ತಿರುಗಿಬೀಳಬಹುದು, ಹಾಗಾಗಿ ಸದ್ಯ ಅದೇ ನಡೆಯಲಿ ಎಂದು ಹೊರಟರು.

ನರ್ಸ್ ಮಾತ್ರೆಯನ್ನು ತಮ್ಮನ ಅಂಗೈಗೆ ಹಾಕಿದಳು. ಅಕ್ಕ ಅದನ್ನು ಕಿತ್ತುಕೊಂಡು, ಬಾಗಿಲು ದಾಟುತ್ತಿದ್ದ ಡಾಕ್ಟರಮ್ಮನನ್ನು ಕೂಗಿದಳು.

"ಮೇಡಂ, ನಿಲ್ಲಿ. ಹಾಳೆ ಸುಳ್ಳು. ನಾನೇ ಅರ್ಧ ಬರೆದಿದೀನಿ."

ಡಾಕ್ಟರಮ್ಮ ಬೈಯಲಿಲ್ಲ, ಬೈಯಲೂ ಅವರಿಗೆ ಸುಸ್ತು. ನಿಜವಾದ ಲೆಕ್ಕ ಹೇಳಿ ಎಂದರು. ಗಿರಾಕಿಗಳ ಅಳತೆಯೆಲ್ಲ ತಲೆಯಲ್ಲೇ ಇಟ್ಟುಕೊಳ್ಳುವವಳು, ಮೂರು ದಿನದ್ದನ್ನೂ ಒಂದೊಂದಾಗಿ ಒಪ್ಪಿಸಿದಳು. ಡಾಕ್ಟರಮ್ಮ ಹಳೆಯದನ್ನು ಹೊಡೆದು ಬರೆದುಕೊಂಡರು, ಆ ಮಾತ್ರೆ ನಿಲ್ಲಿಸಿ ಬೇರೆಯದು ಬರೆದರು. ಇನ್ನು ಅಳೆಯುವುದು ನರ್ಸ್ ಮಾತ್ರ ಎಂದು ಹೇಳಿ, ಅವಳ ಮುಖ ನೋಡದೆ ಹೋದರು.

"ನಿನ್ನ ತಪ್ಪೇನೂ ಇಲ್ಲ ಅಂತ ಗೊತ್ತಾದ ದಿನವೇ ತಪ್ಪು ಮಾಡಿ ಸಿಕ್ಕಿಬಿದ್ಯಲ್ಲೇ," ಎಂದ ತಮ್ಮ, ಕಣ್ಣು ಮುಚ್ಚಿಕೊಂಡೇ.

"ನಿಜ ಬರೆದಿದ್ರೆ ಆಗಲೇ ಏನಾದ್ರೂ ಮಾಡ್ತಿದ್ರೇನೋ. ಮೂರು ದಿನ ಜಾಸ್ತಿ ನರಳಿದೀಯ. ಬೈಯೋ."

"ಶಕ್ತಿ ಬರ್ಲಿ, ಬೈತೀನಿ."

ಹೊಸ ಮಾತ್ರೆಗೆ ಕರುಳು ಒಗ್ಗಲು ವಾರ ಬೇಕಂತೆ. ಒಗ್ಗದೆಯೂ ಇರಬಹುದಂತೆ. ಕೈಗವಸು ಬಿಚ್ಚಿ ತೊಟ್ಟಿಗೆ ಎಸೆದು, ಅವನ ಕಾಲ ಬಳಿ ಕುಳಿತಳು.